ಒಂದೇ ಮಾರ್ಕು ನೋಡಿ ಮಗುವಿನ ಬಗ್ಗೆ ತೀರ್ಮಾನ ಮಾಡ್ಬಹುದಾ? ಮೌಲ್ಯಮಾಪನ ಪೇಪರಿನ ನೋಟ್ಸ್

ಬಿ.ಎಡ್. ಮೌಲ್ಯಮಾಪನ ಪೇಪರಿಗೆ ಓದ್ತಾ ಇರುವವ್ರಿಗೆ, ಮುಖ್ಯವಾಗಿ ನಮ್ಮ ಕಾಸರಗೋಡಿನ ಕನ್ನಡ ಮೀಡಿಯಂನವ್ರಿಗೆ ಇದು. ಬಹು ಮಾಪನ (ಒಂದೇ ಮಗುವನ್ನು ಬೇರೆ ಬೇರೆ ರೀತಿಯಲ್ಲಿ ಅಳೆದು ತೀರ್ಮಾನ ಮಾಡುದು) ಅಂದ ಕೂಡ್ಲೇ ಹೆಚ್ಚಿನವ್ರು "ಒಂದಕ್ಕಿಂತ ಜಾಸ್ತಿ ಪರೀಕ್ಷೆ ಮಾಡ್ಬೇಕು" ಅಂತ ಒಂದು ಸಾಲು ಬರೆದು ಮುಂದೆ ಹೋಗ್ತಾರೆ. ಅಷ್ಟು ಸಾಕಾಗುದಿಲ್ಲ ಮಾರಾಯ್ರೆ. ಅಳತೆ ಎಷ್ಟು ತಗೊಂಡ್ರೂ ಕೊನೆಗೆ ಅದನ್ನು ಹೇಗೆ ಕೂಡಿಸ್ತೀರಿ ಅನ್ನುವಲ್ಲಿಯೇ ಮಗುವಿನ ಹಣೆಬರಹ ತೀರ್ಮಾನ ಆಗುದು.

ಒಂದೇ ಟೆಸ್ಟ್ ಯಾಕೆ ಸಾಲ್ದು ಅಂತ ಮೊದ್ಲು ನೋಡುವ. ಮಾಪನದ ಪ್ರಮಾಣಿತ ದೋಷ (ಸಿಕ್ಕಿದ ಮಾರ್ಕು ನಿಜವಾದ ಮಟ್ಟದಿಂದ ಎಷ್ಟು ಆಚೀಚೆ ಇರ್ಬಹುದು ಅನ್ನುದು) ಅಂತ ಪುಸ್ತಕದಲ್ಲಿ ಉಂಟಲ್ಲ, 1ರಿಂದ ವಿಶ್ವಸನೀಯತೆಯನ್ನು (ಟೆಸ್ಟಿನ ಮಾರ್ಕನ್ನು ಎಷ್ಟು ನಂಬ್ಬಹುದು ಅನ್ನುವ 0ರಿಂದ 1ರ ಒಳಗಿನ ಅಂಕಿ) ಕಳೆದು ಅದರ ವರ್ಗಮೂಲ ತೆಗೆದು ಪ್ರಮಾಣ ವಿಚಲನೆಗೆ (ಮಾರ್ಕುಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನುವ ಅಳತೆ) ಗುಣಿಸಿದ್ರೆ ಸಿಗ್ತದೆ. ವಿಚಲನೆ 10, ವಿಶ್ವಸನೀಯತೆ 0.84 ಅಂತ ಇಟ್ಕೊಳ್ಳಿ, 0.16ರ ವರ್ಗಮೂಲ 0.4, ಹಾಗಾದ್ರೆ ದೋಷ 4 ಮಾರ್ಕು. 38 ತೆಗೆದ ಹುಡುಗನ ನಿಜವಾದ ಮಟ್ಟ 34ರಿಂದ 42ರ ಒಳಗೆ ಎಲ್ಲಿಯಾದ್ರೂ ಇರ್ಬಹುದು, ಅದೂ ಸುಮಾರು 68 ಶೇಕಡಾ ಭರವಸೆಯಲ್ಲಿ ಮಾತ್ರ. ಈಗ 40ಕ್ಕೆ ಗೆರೆ ಎಳೆದು 38ರವನು ಫೇಲು, 41ರವಳು ಪಾಸು ಅಂದ್ರೆ, ಅವರಿಬ್ಬರನ್ನು ಬೇರೆ ಮಾಡುವ ತಾಕತ್ತು ಆ ಟೆಸ್ಟಿಗೇ ಇಲ್ಲ. ಕೇರಳದ ಟೀಚರ್ ಅರ್ಹತಾ ಪರೀಕ್ಷೆ ಕೆ-ಟೆಟ್‌ನಲ್ಲಿ 90 ಬೇಕಾದಲ್ಲಿ 89ಕ್ಕೆ ನಿಂತವ್ರಿಗೆ ಇದನ್ನು ನಾನು ಬೇರೆ ಬಿಡಿಸಿ ಹೇಳ್ಬೇಕಾ!

ಹಾಗಾದ್ರೆ ಮೂರು ಸಲ ಟೆಸ್ಟ್ ಮಾಡಿದ್ರೆ ಆಯ್ತಲ್ಲ ಅಂತ ಕೇಳ್ಬಹುದು. ಜ್ವರ, ನಿದ್ದೆಗೇಡು, ಅದೃಷ್ಟ ಇಂಥಾ ಯಾದೃಚ್ಛಿಕ ದೋಷ ಅದ್ರಿಂದ ಕಡಿಮೆ ಆಗ್ತದೆ ಹೌದು, ಆದ್ರೆ ಅಳತೆಯ ಒಳಗೇ ಕೂತಿರುವ ದೋಷ ಹೋಗುದಿಲ್ಲ. ನಮ್ಮ ಮಂಜೇಶ್ವರ, ಕುಂಬಳೆ ಕಡೆಯ ಕ್ಲಾಸನ್ನೇ ತಗೊಳ್ಳಿ, ಮಕ್ಕಳ ಮನೆಮಾತು ತುಳು, ಬ್ಯಾರಿ, ಕೊಂಕಣಿ, ಮರಾಟಿ, ಮಲಯಾಳ ಹೀಗೆ ಹತ್ತು ಥರ, ಕಲಿಯುದು ಮಾತ್ರ ಕನ್ನಡದಲ್ಲಿ. ಗಣಿತ ಪೇಪರಲ್ಲಿ "ತಲಾ 65 ಕಿಲೋ ಅಡಿಕೆಯಿರುವ 12 ಚೀಲಗಳ ಪೈಕಿ ಮೂರನೇ ಒಂದಂಶ ಮಾರಾಟವಾದರೆ ಉಳಿದ ಅಡಿಕೆಯ ತೂಕವೆಷ್ಟು" ಅಂತ ಬಂತು ಅಂತ ಇಟ್ಕೊಳ್ಳಿ. ಮಗು "ತಲಾ", "ಪೈಕಿ", "ಒಂದಂಶ" ಇಷ್ಟರಲ್ಲೇ ಸಿಕ್ಕಿಬಿದ್ದು ಜಾಗ ಖಾಲಿ ಬಿಡ್ತದೆ. ಅದೇ ಲೆಕ್ಕವನ್ನು ಟೀಚರ್ ತುಳುವಲ್ಲಿ ಬಾಯಲ್ಲಿ ಹೇಳಿದ್ರೆ ಬೆರಳು ಮಡಚಿ ಎಂಟು ಗೋಣಿ ಉಳೀತದೆ, 520 ಕಿಲೋ ಅಂತ ಹೇಳಿಬಿಡ್ತದೆ. ಅದಕ್ಕೆ ಗಣಿತ ಬರುದಿಲ್ಲ ಅಂತ ಹೇಳುದು ಹೇಗೆ? ಇದೇ ಥರದ ಲಿಖಿತ ಪರೀಕ್ಷೆ ಮೂರಲ್ಲ, ಮೂವತ್ತು ಮಾಡಿದ್ರೂ ಅದೇ ತಪ್ಪು ಉತ್ತರ ಗಟ್ಟಿ ಆಗ್ತಾ ಹೋಗ್ತದೆ ಅಷ್ಟೇ. ಕ್ಯಾಂಪ್‌ಬೆಲ್ ಮತ್ತು ಫಿಸ್ಕೆ ಅನ್ನುವ ಮನೋವಿಜ್ಞಾನಿಗಳು 1959ರಲ್ಲಿ ಹೇಳಿದ್ದೂ ಇದನ್ನೇ: ಮಾರ್ಕಿನಲ್ಲಿ ಗುಣದ ಪಾಲೂ ಇರ್ತದೆ, ಅಳೆಯುವ ವಿಧಾನದ ಪಾಲೂ ಇರ್ತದೆ, ಎರಡನ್ನು ಬೇರೆ ಮಾಡ್ಬೇಕಾದ್ರೆ ಬೇರೆ ಬೇರೆ ವಿಧಾನ ಬೇಕು. ಹಾಗಾಗಿ ಲಿಖಿತದ ಜೊತೆ ಮೌಖಿಕ, ಮಾಡಿ ತೋರಿಸುದು, ನೋಟ್‌ಬುಕ್, ಹಾಜರಿ, ಟೀಚರ ಅವಲೋಕನ ಎಲ್ಲ ಬರ್ತದೆ. ಅವಲೋಕನಕ್ಕೂ ಹಾಲೋ ಎಫೆಕ್ಟಿನ ಕಾಟ ಉಂಟು, ಚಂದದ ಅಕ್ಷರದ ಮಕ್ಕಳಿಗೆ ಎಲ್ಲದ್ರಲ್ಲೂ ಎರಡು ಮಾರ್ಕು ಜಾಸ್ತಿ ಬೀಳ್ತದೆ.

ಈಗ ಕೂಡಿಸುವ ವಿಷಯ, ಇದು ಸರೀ ಓದಿ. ಒಂದು ದಾರಿ ಎಲ್ಲ ಒಟ್ಟು ಕೂಡಿಸುದು, ಒಂದರಲ್ಲಿ ಕಮ್ಮಿ ಆದ್ರೆ ಇನ್ನೊಂದು ತುಂಬಿ ಕೊಡ್ತದೆ. ಇನ್ನೊಂದು, ಪ್ರತಿಯೊಂದರಲ್ಲೂ ಪ್ರತ್ಯೇಕ ಪಾಸಾಗ್ಲೇಬೇಕು. ಮತ್ತೊಂದು, ಯಾವುದಾದ್ರೂ ಒಂದರಲ್ಲಿ ಪಾಸಾದ್ರೆ ಸಾಕು. ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ 100 ಮಾರ್ಕಿನ ವಿಷಯಕ್ಕೆ ಸಿಇ (ವರ್ಷ ಪೂರ್ತಿ ಕ್ಲಾಸಿನ ಕೆಲಸಕ್ಕೆ ಟೀಚರ್ ಕೊಡುವ ಮಾರ್ಕು) 20, ಟಿಇ (ಕೊನೆಯ ಲಿಖಿತ ಪರೀಕ್ಷೆ) 80, ಹಳೆ ನಿಯಮದಲ್ಲಿ ಒಟ್ಟು 30 ಇದ್ರೆ ಡಿ ಪ್ಲಸ್ ಗ್ರೇಡ್, ಅಂದ್ರೆ ಪಾಸು. ಸಿಇಯಲ್ಲಿ ಪೂರ್ತಿ 20 ಸಿಕ್ಕಿದವನಿಗೆ ಟಿಇಯಲ್ಲಿ ಬರೀ 10 ಸಾಕು. ಆದ್ರೆ ಕ್ಲಾಸಲ್ಲಿ ಎಲ್ಲರಿಗೂ 18, 19, 20 ಕೊಟ್ಟಿದ್ರೆ ಮೇಲಿನ ಮಕ್ಕಳಲ್ಲಿ ಯಾರು ಮುಂದೆ ಅಂತ ಹೇಳ್ಲಿಕ್ಕೆ ಸಿಇ ಏನೂ ಉಪಯೋಗಕ್ಕೆ ಬರುದಿಲ್ಲ, ಯಾಕಂದ್ರೆ ಅದ್ರಲ್ಲಿ ಹರವೇ ಇಲ್ಲ, ಕೆಳಗಿನ ಮಕ್ಕಳಿಗೆ ಮಾತ್ರ ಅದೇ 20 ಜೀವದಾನ. ಕಾಗದದಲ್ಲಿ 20 ಶೇಕಡಾ ತೂಕ, ನಿಜದಲ್ಲಿ ಒಬ್ಬರಿಗೆ ಸೊನ್ನೆ, ಇನ್ನೊಬ್ಬರಿಗೆ ಪಾಸಿನ ಮೂರರಲ್ಲಿ ಎರಡು ಪಾಲು. ಇದನ್ನು ಗಮನಿಸಿಯೇ ಸಬ್ಜೆಕ್ಟ್ ಮಿನಿಮಮ್ ಬಂದದ್ದು: ಲಿಖಿತದಲ್ಲೇ ಪ್ರತ್ಯೇಕ 30 ಶೇಕಡಾ, ಅಂದ್ರೆ 80ರಲ್ಲಿ 24. ಎಂಟನೇ ಕ್ಲಾಸಿಗೆ 2024-25, ಒಂಬತ್ತಕ್ಕೆ 2025-26, ಹತ್ತಕ್ಕೆ 2026-27 ಅಂತ ಹಂತ ಹಂತವಾಗಿ ತೀರ್ಮಾನ ಮಾಡಿದ್ರು. ಅಂದ್ರೆ ಮೊದಲನೇ ದಾರಿಯಿಂದ ಎರಡನೇ ದಾರಿಗೆ ಹೋದ ಹಾಗೆ. ಅದೇ ಮಾರ್ಕು, ಅದೇ ಮಕ್ಕಳು, ಫಲಿತಾಂಶ ಬೇರೆ.

ಪ್ರತಿಯೊಂದರಲ್ಲೂ ಪಾಸಾಗ್ಬೇಕು ಅನ್ನುದಕ್ಕೆ ಒಂದು ಬೆಲೆ ಉಂಟು. ಅರ್ಹ ಮಗುವನ್ನು ತಪ್ಪಾಗಿ ಫೇಲ್ ಮಾಡುವ ಸಾಧ್ಯತೆ ಪ್ರತಿ ಟೆಸ್ಟಿಗೂ 10 ಶೇಕಡಾ, ಆ ತಪ್ಪುಗಳಿಗೆ ಒಂದಕ್ಕೊಂದು ಸಂಬಂಧ ಇಲ್ಲ ಅಂತ ಇಟ್ಕೊಂಡ್ರೆ, ಮೂರರಲ್ಲೂ ದಾಟುವ ಸಾಧ್ಯತೆ 0.9 ಗುಣಿಸು 0.9 ಗುಣಿಸು 0.9, ಅಂದ್ರೆ 0.729. ನೂರರಲ್ಲಿ 27 ಅರ್ಹ ಮಕ್ಕಳು ಹೊರಗೆ! ಯಾವುದಾದ್ರೂ ಒಂದು ಸಾಕು ಅಂದ್ರೆ ಇದೇ ಲೆಕ್ಕ ತಿರುಗಾ, ಅನರ್ಹರನ್ನು ತಪ್ಪಾಗಿ ಪಾಸ್ ಮಾಡುವ ಸಾಧ್ಯತೆಯೂ ಪ್ರತಿ ಟೆಸ್ಟಿಗೆ 10 ಶೇಕಡಾ ಅಂತ ಇಟ್ಕೊಂಡ್ರೆ ಅರ್ಹತೆ ಇಲ್ಲದವ್ರು ನೂರರಲ್ಲಿ ಅಷ್ಟೇ ಜನ ಒಳಗೆ ಬರ್ತಾರೆ. ಹಾಗಾಗಿ ಮೊದ್ಲು ಕೇಳ್ಬೇಕಾದ್ದು ಎಂತ ತೀರ್ಮಾನ ಮಾಡ್ತಿದ್ದೀರಿ ಅಂತ. ಪರಿಹಾರ ಬೋಧನೆಗೆ ಆರಿಸುದಾದ್ರೆ ಒಂದು ಅಳತೆಯಲ್ಲಿ ಹಿಂದೆ ಉಂಟು ಅಂತ ಕಂಡ್ರೂ ಸೇರಿಸ್ಲಿ, ಹೆಚ್ಚಂದ್ರೆ ಮಗು ನಾಲ್ಕು ಗಂಟೆ ಜಾಸ್ತಿ ಕಲೀತದೆ. ಅದೇ ಕ್ಲಾಸಲ್ಲಿ ಹಿಂದೆ ಉಳಿಸುದಾದ್ರೆ ಬಹಳ ಪುರಾವೆ ಬೇಕು. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 16ನೇ ಸೆಕ್ಷನ್ ಎಂಟರವರೆಗೆ ಹಿಂದೆ ಉಳಿಸ್ಬಾರ್ದು ಅಂತಿತ್ತು, 2019ರ ತಿದ್ದುಪಡಿ ಐದು ಮತ್ತು ಎಂಟರಲ್ಲಿ ಅದಕ್ಕೆ ದಾರಿ ಬಿಟ್ಟಿತು, ಆದ್ರೆ ಮರುಪರೀಕ್ಷೆ ಕೊಡ್ಬೇಕು. ಅಮೆರಿಕದ ಟೆಸ್ಟಿಂಗ್ ಮಾನದಂಡಗಳಲ್ಲೂ, 1999ರದ್ದರಲ್ಲೂ 2014ರದ್ದರಲ್ಲೂ, ವಿದ್ಯಾರ್ಥಿಯ ಮೇಲೆ ದೊಡ್ಡ ಪರಿಣಾಮ ಬೀರುವ ನಿರ್ಧಾರಕ್ಕೆ ಒಂದೇ ಟೆಸ್ಟಿನ ಅಂಕ ಸಾಲದು ಅಂತಲೇ ಉಂಟು.

ಕೊನೆಗೆ ಒಂದು, ಇದು ವೈವಾದಲ್ಲಿ ಸಿಕ್ಕಿಸ್ಲಿಕ್ಕೆ ಕೇಳುವ ಥರದ ಪ್ರಶ್ನೆ: ಸೇ ಪರೀಕ್ಷೆ (ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗದವ್ರು ಅದೇ ವರ್ಷ ಮತ್ತೆ ಬರೆಯುವ ಪರೀಕ್ಷೆ) ಬಹು ಮಾಪನವಾ? ಅಲ್ಲ. ಅದು ಅದೇ ಅಳತೆಗೆ ಎರಡನೇ ಅವಕಾಶ. ಜ್ವರ ಬಂದು ಬರೀಲಿಕ್ಕೆ ಆಗದವನಿಗೆ ಅದು ಉಪಕಾರ, "ಪೈಕಿ" ಅರ್ಥ ಆಗದ ಮಗುವಿಗೆ ಅಲ್ಲಿಯೂ ಅದೇ ಪಾಡು.