ಬೆರಳು ಎಳೆಯಬೇಡಿ, ಕೈ ನಡೆಸಿ

ಕಳೆದ ಮಳೆಗಾಲದ ಒಂದು ಸಂಜೆ ಪೆರ್ಲದ ಶೆಟ್ರ ಮನೆಯ ಜಗಲಿಯಲ್ಲಿ ಕೂತು ದರ್ಜಿಯ ಟೇಪಿನಿಂದ ಬೇಸ್ ಗಿಟಾರ್ ಅಳೆದೆವು. ಶೆಟ್ರು ನಲವತ್ತು ವರ್ಷದ ಹಿಂದೆ ಕಾಸರಗೋಡಿನ ರಸಮಂಜರಿ ತಂಡಗಳಲ್ಲಿ ನುಡಿಸುತ್ತಿದ್ದವರು. ಆಮೇಲೆ ಅಡಿಕೆ ತೋಟ ಅವರನ್ನು ಬಿಡಲಿಲ್ಲ. ಈಗ ಅರವತ್ತೆಂಟು ತುಂಬಿದ ಮೇಲೆ ಮತ್ತೆ ಕೈಗೆತ್ತಿಕೊಂಡಿದ್ದಾರೆ. ಹದಿಮೂರರ ಮೊಮ್ಮಗಳಿಗೂ ಅದೇ ವಾದ್ಯ ಬೇಕು. ಒಬ್ಬರದ್ದು ಬಿಗಿದ ಕೈ, ಇನ್ನೊಬ್ಬಳದ್ದು ಚಿಕ್ಕ ಕೈ, ದೂರು ಮಾತ್ರ ಒಂದೇ.

"ಮಾಷ್ಟ್ರೇ, ಕಿರುಬೆರಳು ನಾಲ್ಕನೇ ಫ್ರೆಟ್ಟಿಗೆ ಎತ್ತುದಿಲ್ಲ. ಎಣ್ಣೆ ಹಚ್ಚಿ ದಿನಾ ಎಳೆದ್ರೆ ಸರಿ ಆದೀತಾ?"

ಫ್ರೆಟ್ಟು ಎಂದರೆ ವಾದ್ಯದ ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ. ಯಾರದೋ ಮಾತು ಕೇಳಿ ಶೆಟ್ರು ರಾತ್ರಿ ಬೆರಳ ಸಂದಿಗೆ ಬಾಟಲಿಯ ಬಿರಡೆ ಸಿಕ್ಕಿಸಿ ಮಲಗುತ್ತಿದ್ದರು. ಹುಡುಗಿಯ ಕೈ ನೋಡಿದ ಇನ್ಯಾರೋ, ಕಿರುಬೆರಳು ಉಂಗುರಬೆರಳಿನ ಮೇಲಿನ ಗೆರೆ ದಾಟದಿದ್ದರೆ ಸಂಗೀತ ಒಲಿಯುವುದಿಲ್ಲ ಎಂದು ಹೇಳಿ ಹೋಗಿದ್ದರಂತೆ. ಹದಿಮೂರರ ಮಗು ಅದನ್ನು ನಂಬಿ ಎರಡು ವಾರ ವಾದ್ಯ ಮುಟ್ಟಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದ ನನಗೆ ಇದನ್ನು ಕೇಳಿ ನಿಜಕ್ಕೂ ಸಂಕಟವಾಯಿತು. ಮೂಳೆ ಎಳೆದರೆ ಉದ್ದವಾಗುವ ವಸ್ತುವಲ್ಲ. ಎಳೆತ ಬೀಳುವುದು ಗಂಟುಗಳ ಸುತ್ತಲಿನ ಕಟ್ಟುಗಳ ಮೇಲೆ, ಅವು ಸಡಿಲವಾದರೆ ಬೆರಳಿಗೆ ಬಲ ಬರುವುದಿಲ್ಲ, ಇದ್ದದ್ದೂ ಹೋಗುತ್ತದೆ.

ಅದಕ್ಕೇ ಟೇಪು ತರಿಸಿದ್ದು. ಶೆಟ್ರದ್ದು 34 ಇಂಚಿನ, ಅಂದರೆ 864 ಮಿಲಿಮೀಟರ್ ಸ್ಕೇಲಿನ ವಾದ್ಯ. ತಂತಿಯ ನುಡಿಯುವ ಭಾಗದ ಉದ್ದವೇ ಸ್ಕೇಲು. ಒಂದನೇ ಫ್ರೆಟ್ಟಿನಿಂದ ನಾಲ್ಕನೆಯದಕ್ಕೆ ಸುಮಾರು 13 ಸೆಂಟಿಮೀಟರ್ ಬಂತು. 'ಫ್ರೆಟ್ಟಿಗೊಂದು ಬೆರಳು' ಎಂಬ ನಿಯಮವನ್ನು ಇಲ್ಲಿ ಪಾಲಿಸಬೇಕಾದರೆ ತೋರುಬೆರಳಿನಿಂದ ಕಿರುಬೆರಳಿಗೆ ಅಷ್ಟು ಅಗಲ ಬೇಕು. ಆದರೆ ಫ್ರೆಟ್ಟುಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಅಲ್ಲ. ಒಂದು ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡಿದ್ದರಿಂದ ಪ್ರತಿ ಅಂತರವೂ ಹಿಂದಿನದರ 0.944 ಪಾಲಷ್ಟೇ ಇರುತ್ತದೆ. ವಾದ್ಯದ ಒಡಲಿನ ಕಡೆಗೆ ಹೋದಂತೆ ಈ ಮನೆಗಳು ಕಿರಿದಾಗುತ್ತ ಹೋಗಿ, ಹನ್ನೆರಡನೇ ಫ್ರೆಟ್ಟು ದಾಟುವಾಗ ಅರ್ಧಕ್ಕೆ ಇಳಿದಿರುತ್ತವೆ.

ಇದರಿಂದ ಆಗುವ ಲಾಭ ನೋಡಿ. 'ಎ' ತಂತಿಯ 1ರಿಂದ 4ನೇ ಫ್ರೆಟ್ಟಿನವರೆಗಿನ ಸ್ವರಗಳೇ ಅದರ ಪಕ್ಕದ ದಪ್ಪ ತಂತಿಯಾದ 'ಇ'ಯ 6ರಿಂದ 9ರಲ್ಲೂ ಇವೆ. ಅದೇ ನಾಲ್ಕು ಸ್ವರ, ಅದೇ ಶ್ರುತಿ. ಅಗಲ ಮಾತ್ರ 13 ಸೆಂಟಿಮೀಟರಿನಿಂದ 9.7ಕ್ಕೆ ಇಳಿಯಿತು. ನಾದ ಸ್ವಲ್ಪ ದಪ್ಪವಾಗುತ್ತದೆ, ಭಜನೆಗೆ ನನಗೆ ಅದೇ ಇಷ್ಟ.

34 ಇಂಚು ಎಂಬುದು ಪ್ರಕೃತಿಯ ನಿಯಮವೂ ಅಲ್ಲ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದಾಗ ಆರಿಸಿಕೊಂಡ ಅಳತೆ ಅದು. ರೇಡಿಯೊ ರಿಪೇರಿ ಅಂಗಡಿಯಿಂದ ಬಂದ ಆತ ಸ್ವತಃ ಗಿಟಾರ್ ನುಡಿಸುವವನಲ್ಲ. ಗಿಟಾರಿನ ಇಪ್ಪತ್ತೈದು ಚಿಲ್ಲರೆ ಇಂಚು, ನಿಂತು ನುಡಿಸುವ ಡಬಲ್ ಬೇಸಿನ ನಲವತ್ತೊಂದು ಚಿಲ್ಲರೆ ಇಂಚು, ಇವೆರಡರ ನಡುವೆ ಒಂದು ಕಡೆ ನಿಂತ. ಜರ್ಮನಿಯ ಹಾಫ್ನರ್ ಕಂಪನಿ ಅದೇ ದಶಕದಲ್ಲಿ 30 ಇಂಚಿನದ್ದನ್ನು ಮಾಡಿತು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡದ್ದು ಅದನ್ನೇ, ಎಂಬತ್ತು ದಾಟಿದ ಮೇಲೂ ಅವರ ಹೆಗಲಲ್ಲಿ ಆ ಬಗೆಯ ವಾದ್ಯವನ್ನು ಕಾಣಬಹುದು. ಅದೇ ದಪ್ಪದ ತಂತಿಯನ್ನು ಅದೇ ಶ್ರುತಿಗೆ ತರಲು ಬೇಕಾದ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 34ರಿಂದ 30 ಇಂಚಿಗೆ ಬಂದರೆ ಬಿಗಿತ ಸುಮಾರು 22 ಶೇಕಡಾ ಕಡಿಮೆ. ಹೊಸದಾಗಿ ಕೊಳ್ಳುವ ಚಿಕ್ಕ ಕೈಯವರು ಮೊದಲು ಕೇಳಬೇಕಾದ್ದು ಈ ಅಳತೆಯನ್ನು.

ಇನ್ನು ಬೆರಳಿನ ವಿಷಯ. ಅಂಗೈ ಮೇಜಿನ ಮೇಲಿಟ್ಟು ನಡುಬೆರಳನ್ನು ಮಾತ್ರ ಒಳಕ್ಕೆ ಮಡಚಿ, ಈಗ ಉಂಗುರಬೆರಳು ಎತ್ತಿ ನೋಡಿ. ಏಳುವುದಿಲ್ಲ, ಗೋಂದು ಹಾಕಿ ಅಂಟಿಸಿದ ಹಾಗೆ. ಬೆರಳುಗಳ ಒಳಗೆ ಅವನ್ನು ಮಡಚುವ, ಎತ್ತುವ ಸ್ನಾಯುಗಳಿಲ್ಲ. ಅವು ಮುಂಗೈಯಲ್ಲಿವೆ, ಅಲ್ಲಿಂದ ರಜ್ಜುಗಳು ಹಗ್ಗದಂತೆ ಬಂದು ಬೆರಳನ್ನು ಆಡಿಸುತ್ತವೆ. ಅಂಗೈಯ ಬೆನ್ನಿನಲ್ಲಿ ಬೆರಳು ಎತ್ತುವ ಹಗ್ಗಗಳಿಗೆ ಒಂದಕ್ಕೊಂದು ಅಡ್ಡಕಟ್ಟುಗಳಿವೆ, ಉಂಗುರಬೆರಳಿನದ್ದು ಎರಡೂ ಕಡೆಯಿಂದ ಕಟ್ಟಿಹಾಕಿಸಿಕೊಂಡಿದೆ. ಉಂಗುರಬೆರಳನ್ನು ಪೂರ್ತಿ ಸ್ವತಂತ್ರ ಮಾಡುತ್ತೇನೆಂದು ಹೊರಡುವುದು ದೇಹದ ರಚನೆಯ ಜೊತೆಗೇ ಜಗಳ.

ವಿಯೆನ್ನಾದ ಡಬಲ್ ಬೇಸ್ ಗುರು ಫ್ರಾಂಜ್ ಸಿಮಾಂಡ್ಲ್ (1840–1912) ಈ ಜಗಳಕ್ಕೆ ಹೋಗಲಿಲ್ಲ. ಅವರ ಕ್ರಮದಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು ಇವಿಷ್ಟೇ ಸ್ವರ ಹಿಡಿಯುತ್ತವೆ, ಉಂಗುರಬೆರಳು ಕಿರುಬೆರಳಿನ ಜೊತೆಯಲ್ಲೇ ಒತ್ತಿ ಅದಕ್ಕೆ ಆಸರೆ ಕೊಡುತ್ತದೆ. ಇದನ್ನು ಶೆಟ್ರ ವಾದ್ಯಕ್ಕೆ ತಂದರೆ ಮೂರು ಫ್ರೆಟ್ಟಿಗೆ 9 ಸೆಂಟಿಮೀಟರ್ ಸಾಕು. ನಾಲ್ಕನೆಯದು ಬೇಕಾದಾಗ ಇಡೀ ಕೈ 4 ಸೆಂಟಿಮೀಟರ್ ಮುಂದೆ ಜಾರುತ್ತದೆ, ಹೆಬ್ಬೆರಳೂ ಜೊತೆಗೇ ಹೋಗುತ್ತದೆ.

ಇಷ್ಟಕ್ಕೂ ನಮ್ಮವರಿಗೆ ಇದು ಹೊಸತೇ? ವೀಣೆ ನುಡಿಸುವವರ ಎಡಗೈ ನೋಡಿ. ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲು, ಓಡಾಡುವುದು ತೋರುಬೆರಳು ಮತ್ತು ನಡುಬೆರಳು. ಅಲ್ಲಿ ಯಾರೂ ಬೆರಳನ್ನು ನಾಲ್ಕು ಮೆಟ್ಟಿಲಿಗೆ ಹಿಗ್ಗಿಸುವುದಿಲ್ಲ, ಕೈಯೇ ದಂಡಿಯ ಮೇಲೆ ನಡೆದು ಹೋಗುತ್ತದೆ. ನಮ್ಮ ಅಜ್ಜಿಯಂದಿರು ಬೊಚ್ಚುಬಾಯಿಯ ಪ್ರಾಯದಲ್ಲೂ ವೀಣೆ ನುಡಿಸುತ್ತಿದ್ದುದು ಹೀಗೆ.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಸಂಗತಿಗೆ ಬರುತ್ತೇನೆ, ಎಷ್ಟು ಒತ್ತಬೇಕು ಎಂಬುದಕ್ಕೆ. ಇಬ್ಬರು ಹೆಗಲ ಮೇಲೆ ಬಿದಿರಿನ ಗಳ ಹೊತ್ತು, ನಡುವೆ ಹಲಸಿನ ಹಣ್ಣಿನ ಗೋಣಿ ನೇತುಹಾಕಿದ್ದಾರೆ ಅನ್ನಿ. ಗೋಣಿ ಸರಿ ಮಧ್ಯದಲ್ಲಿದ್ದರೆ ಭಾರ ಅರ್ಧರ್ಧ. ಮುಂದಿನವನ ಹತ್ತಿರ ಸರಿಸಿದರೆ ಹೆಚ್ಚಿನ ಭಾರ ಅವನಿಗೇ. ತೋಡಿಗೆ ಹಾಕಿದ ಅಡಿಕೆ ಮರದ ಸಂಕವೂ ಹೀಗೆಯೇ. ನಡುವೆ ನಿಂತರೆ ಎರಡೂ ದಡ ಸಮನಾಗಿ ಹೊರುತ್ತವೆ, ಆಚೆ ದಡ ಮುಟ್ಟುವ ಹೊತ್ತಿಗೆ ಆಚೆಯ ಮಣ್ಣೇ ನಿಮ್ಮನ್ನು ಹೊತ್ತಿರುತ್ತದೆ. ತಂತಿಗೆ ಎರಡನೇ ಫ್ರೆಟ್ಟು ಈಚೆ ದಡ, ಮೂರನೆಯದು ಆಚೆ ದಡ. ನಡುವಿನ ಅಂತರ 43 ಮಿಲಿಮೀಟರ್. ಸ್ವರ ಹುಟ್ಟುವುದು ಮೂರನೆಯದರ ಮೇಲೆ, ತಂತಿ ಅಲ್ಲಿ ಗಟ್ಟಿಯಾಗಿ ಕೂತರೆ ಸಾಕು. ನೀವು ನಟ್ಟನಡುವೆ ಒತ್ತಿದರೆ ಅರ್ಧ ಬಲ ಎರಡನೇ ಫ್ರೆಟ್ಟಿನ ಪಾಲು, ಅದರಿಂದ ಸ್ವರಕ್ಕೆ ಕಾಸಿನ ಉಪಯೋಗವಿಲ್ಲ. ಮೂರನೆಯದಕ್ಕೆ 4 ಮಿಲಿಮೀಟರ್ ಹಿಂದೆ ಒತ್ತಿ ನೋಡಿ, ಹತ್ತರಲ್ಲಿ ಒಂಬತ್ತು ಪಾಲು ಬೇಕಾದ ಕಡೆಗೇ ಹೋಗುತ್ತದೆ. ಅದೇ ಬೆರಳು, ಅದೇ ತಂತಿ, ಹೆಚ್ಚುಕಡಿಮೆ ಅರ್ಧ ಶ್ರಮ!

ಇದು ತಿಳಿಯದವರು ಏನು ಮಾಡುತ್ತಾರೆ? ನಡುವೆ ಒತ್ತುತ್ತಾರೆ, ತಂತಿ ಕರಕರ ಎನ್ನುತ್ತದೆ, ಇನ್ನೂ ಗಟ್ಟಿ ಒತ್ತುತ್ತಾರೆ, ಹಿಂದಿನಿಂದ ಹೆಬ್ಬೆರಳು ಇಕ್ಕಳದಂತೆ ಹಿಂಡುತ್ತದೆ. ಹೆಬ್ಬೆರಳಿನ ತುದಿಯಲ್ಲಿ ಒಂದು ಕಿಲೋ ಭಾರದಷ್ಟು ಹಿಂಡಿದರೆ ಅದರ ಬುಡದ ಗಂಟಿನ ಮೇಲೆ ಸುಮಾರು 12 ಕಿಲೋ ಬೀಳುತ್ತದೆ. ಪ್ರಾಯವಾದವರಲ್ಲಿ ಮೃದ್ವಸ್ಥಿ ಸವೆಯುವ ಗಂಟುಗಳಲ್ಲಿ ಇದೂ ಮುಖ್ಯವಾದದ್ದು. ವರ್ಷಗಟ್ಟಲೆ ಅಡಿಕೆ ಸುಲಿದ ಶೆಟ್ರಿಗೆ ನೋವು ಇದ್ದುದೂ ಸರಿಯಾಗಿ ಅಲ್ಲೇ.

ಮಣಿಕಟ್ಟಿನ ಬಗ್ಗೆ ಒಂದೇ ಮಾತು. ಅದರೊಳಗಿನ ಇಕ್ಕಟ್ಟಾದ ದಾರಿಯಲ್ಲಿ ಒಂಬತ್ತು ರಜ್ಜು ಮತ್ತು ಒಂದು ನರ ಹಾದುಹೋಗುತ್ತವೆ, ಮಣಿಕಟ್ಟು ಮಡಚಿದಷ್ಟೂ ಒಳಗೆ ಒತ್ತಡ ಏರುತ್ತದೆ. ವಾದ್ಯವನ್ನು ಸೊಂಟದ ಕೆಳಗೆ ನೇತುಹಾಕದೆ ಎದೆಯ ಹತ್ತಿರಕ್ಕೆ ಕಟ್ಟಿ, ಅದರ ಕುತ್ತಿಗೆಯ ತುದಿಯನ್ನು ಮೇಲಕ್ಕೆ ಎತ್ತಿ ಹಿಡಿದರೆ ಮಣಿಕಟ್ಟು ನೇರ ನಿಲ್ಲುತ್ತದೆ, ಒಂದನೇ ಫ್ರೆಟ್ಟೂ ಹತ್ತಿರ ಬರುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿಯುತ್ತಿದ್ದರೆ ಎಣ್ಣೆ ಉಜ್ಜಿ ಉಳುಕು ತೆಗೆಸಬೇಡಿ, ಡಾಕ್ಟರಿಗೆ ತೋರಿಸಿ.

ನೆಟಿಗೆ ಮುರಿದು ಮುರಿದೇ ತಮ್ಮ ಕೈ ಹಾಳಾಯಿತೇನೋ ಎಂಬ ಚಿಂತೆಯೂ ಶೆಟ್ರಿಗಿತ್ತು. ಅಮೆರಿಕದ ವೈದ್ಯ ಡೊನಾಲ್ಡ್ ಅಂಗರ್ ಐವತ್ತು ವರ್ಷ ಎಡಗೈಯ ನೆಟಿಗೆ ಮಾತ್ರ ದಿನಕ್ಕೆ ಎರಡು ಬಾರಿಯಾದರೂ ಮುರಿದು, ಬಲಗೈಯನ್ನು ಹಾಗೇ ಬಿಟ್ಟು, ಎರಡರಲ್ಲೂ ಸಂಧಿವಾತ ಇಲ್ಲವೆಂದು 1998ರಲ್ಲಿ ಬರೆದರು. ಒಬ್ಬರ ಕೈಯಿಂದ ಲೋಕಕ್ಕೆಲ್ಲ ತೀರ್ಮಾನ ಹೇಳಲಾಗದು, ಆದರೆ ಆ ತಾಳ್ಮೆಗೆ ನಾನು ಕೈಮುಗಿಯುತ್ತೇನೆ. ಶೆಟ್ರಿಗೂ ಸಮಾಧಾನವಾಯಿತು.

ಕೊನೆಗೆ ಹುಡುಗಿಗೆ ಒಂದು ಪರೀಕ್ಷೆ ಇಟ್ಟೆ. ಬಲ ಮುಂಗೈಯನ್ನು ವಾದ್ಯದ ಒಡಲಿನ ಮೇಲೆ ಊರು, ಎಡಗೈಯ ಹೆಬ್ಬೆರಳನ್ನು ಪೂರ್ತಿ ಬಿಡು, ತೋಳಿನ ಭಾರವನ್ನೇ ತಂತಿಯ ಮೇಲೆ ಬಿಟ್ಟು ಮೂರನೇ ಫ್ರೆಟ್ಟಿನ ಹಿಂದೆ ಒತ್ತು ಎಂದೆ. ಮೊದಲ ಸಲ ಕರಕರ. ಬೆರಳನ್ನು ಎರಡು ಬತ್ತದ ಕಾಳಿನಷ್ಟು ಮುಂದೆ ಸರಿಸಿದಳು. ಸ್ವರ ತುಂಬಿಕೊಂಡು ಬಂತು, ಜಗಲಿಯ ಹಲಗೆ ಕಾಲಡಿಯಲ್ಲಿ ಸಣ್ಣಗೆ ನಡುಗಿತು.

"ಬಿಡು, ನನಗೊಮ್ಮೆ ಕೊಡು" ಎಂದು ಶೆಟ್ರು ಕೈಚಾಚಿದರು. ಅವಳು ಕೊಡಲಿಲ್ಲ.

"ನಿಲ್ಲಿ ಅಜ್ಜ, ಆರನೇದರಿಂದ ಒಮ್ಮೆ ನೋಡ್ತೇನೆ."