ನೀರಿಗೆ ಫ್ಲೋರೈಡ್ ಹಾಕೋದಾ, ತೆಗೆಯೋದಾ? ಹಾಸನದಲ್ಲಿ ಓದುವವರಿಗೆ ಒಂದು ಟಿಪ್ಪಣಿ

ಫ್ಲೋರೈಡ್ ಅಧ್ಯಾಯ ಬಂದಾಗ ದಂತವೈದ್ಯಕೀಯ ಓದುವ ನಾವೆಲ್ಲ ಇಸವಿಗಳನ್ನು ಬಾಯಿಪಾಠ ಮಾಡಿ ಮುಗಿಸಿಬಿಡುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು ಕೂಡ. ಆದರೆ ಹಾಸನದಲ್ಲಿ ಕೂತು ಓದುವವರಿಗೆ ಒಂದು ಅನುಕೂಲ ಇದೆ. ಸಕಲೇಶಪುರದ ಕಡೆ ಹೋದರೆ ಮಳೆ, ತೊರೆ, ತೆರೆದ ಬಾವಿ. ಅಲ್ಲಿನ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಅರಸೀಕೆರೆ, ಕಡೂರಿನ ಕಡೆ ಹೋದರೆ ಬಯಲುಸೀಮೆ, ಆಳದ ಬೋರ್‌ವೆಲ್. ಫ್ಲೋರೈಡ್ ಮಿತಿ ಮೀರಿದ ಹಳ್ಳಿಗಳು ಅಲ್ಲಿವೆ. ಪುಸ್ತಕದ ಎರಡೂ ತುದಿ ಒಂದೇ ದಿನದ ಬಸ್ ಪ್ರಯಾಣದಲ್ಲಿ ಸಿಗುತ್ತವೆ. ಹಾಗಾಗಿ 'ಹಲ್ಲು ಹುಳುಕಾಗದಿರಲಿ ಅಂತ ನೀರಿಗೆ ಫ್ಲೋರೈಡ್ ಸೇರಿಸುವುದು ಒಳ್ಳೆಯದಾ?' ಅಂತ ಯಾರಾದರೂ ಕೇಳಿದರೆ ನಾವು ಮೊದಲು ಕೇಳಬೇಕಾದ್ದು 'ಯಾವ ಊರಿನ ನೀರು?' ಅಂತ.

ಕಥೆ ಶುರುವಾಗುವುದೇ ಜಾಸ್ತಿ ಫ್ಲೋರೈಡಿನಿಂದ. 1901ರಲ್ಲಿ ಫ್ರೆಡರಿಕ್ ಮೆಕ್‌ಕೇ ಎಂಬ ಹಲ್ಲಿನ ಡಾಕ್ಟರು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದರು. ಅಲ್ಲೇ ಹುಟ್ಟಿ ಬೆಳೆದವರ ಹಲ್ಲಲ್ಲಿ ಕಂದು ಕಲೆ ಇತ್ತು. ವಿಚಿತ್ರ ಅಂದರೆ ಆ ಹಲ್ಲುಗಳಿಗೆ ಹುಳುಕು ಕಡಿಮೆ. ಕಾರಣ ಗೊತ್ತಾಗಲು 30 ವರ್ಷ ಹಿಡಿಯಿತು. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಚರ್ಚಿಲ್ ಇಂಥ ಊರುಗಳ ನೀರಿನಲ್ಲಿ ಫ್ಲೋರೈಡ್ ಪತ್ತೆ ಮಾಡಿದರು. ಆಮೇಲೆ ಅಮೆರಿಕ ಸರ್ಕಾರದ ದಂತವೈದ್ಯ ಟ್ರೆಂಡ್ಲಿ ಡೀನ್ ಊರೂರಿನ ಮಕ್ಕಳ ಹಲ್ಲು ಎಣಿಸಿ, ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಹುಳುಕೂ ಕಡಿಮೆ, ಕಲೆಯೂ ಅಷ್ಟಾಗಿ ಇಲ್ಲ ಅಂತ ತೋರಿಸಿದರು. 1945ರ ಜನವರಿ 25ರಂದು ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರ ತನ್ನ ನೀರಿಗೆ ಫ್ಲೋರೈಡ್ ಸೇರಿಸಿತು. ಹೋಲಿಕೆಗೆ ಅಂತ ಮಸ್ಕೀಗನ್ ಊರನ್ನು ಹಾಗೇ ಬಿಟ್ಟಿದ್ದರು. ಫಲಿತಾಂಶ ನೋಡಿದ ಮಸ್ಕೀಗನ್ ಜನ ಸುಮ್ನೆ ಕೂರಲಿಲ್ಲ, 1951ರಲ್ಲಿ ತಾವೂ ಹಾಕಿಸಿಕೊಂಡರು. ಜನರಿಗೆ ಒಳ್ಳೆಯದಾಯಿತು, ಪ್ರಯೋಗ ಮಾತ್ರ ಕೆಟ್ಟಿತು.

ಈಗ ಹಲ್ಲಿನೊಳಗೆ ಏನಾಗುತ್ತದೆ ನೋಡೋಣ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಎಲ್ಲರೂ ಎಡವುವ ಜಾಗ ಇದೇ. ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್ಲಿನಲ್ಲಿರುವುದು ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ-ಫಾಸ್ಫೇಟ್ ಖನಿಜ. ಮಗು ಟೀಯಲ್ಲಿ ಬಿಸ್ಕತ್ತು ಅದ್ದಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾ ಆ ಸಕ್ಕರೆಯನ್ನು ಆಮ್ಲ ಮಾಡುತ್ತವೆ. ಪಿಎಚ್ (ಇದು ಕಡಿಮೆಯಾದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಇಳಿದರೆ ಖನಿಜ ಕರಗಲು ಶುರು. ಜೊಲ್ಲು ಆಮ್ಲವನ್ನು ತಣಿಸಿದ ಮೇಲೆ ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತೆ ಹಲ್ಲಿಗೆ ಮರಳುತ್ತವೆ. ಆ ಹೊತ್ತಿಗೆ ಜೊಲ್ಲಿನಲ್ಲಿ ಚೂರು ಫ್ಲೋರೈಡ್ ಇದ್ದರೆ ಈ ಮರಳುವಿಕೆ ಬೇಗ ಆಗುತ್ತದೆ. ಹೊಸದಾಗಿ ಕೂತ ಪದರವೂ ಗಟ್ಟಿ, ಅದು ಕರಗಲು ಪಿಎಚ್ ಸುಮಾರು 4.5ಕ್ಕೆ ಇಳಿಯಬೇಕು. ಅಂದರೆ ಫ್ಲೋರೈಡಿನ ಮುಖ್ಯ ಕೆಲಸ ನಡೆಯುವುದು ಹಲ್ಲಿನ ಮೇಲ್ಮೈಯಲ್ಲಿ, ಹಲ್ಲು ಹುಟ್ಟಿದ ಮೇಲೆ. ನುಂಗಿದ್ದು ದವಡೆಯೊಳಗಿನ ಹಲ್ಲನ್ನು ಗಟ್ಟಿ ಮಾಡುತ್ತದೆ ಎಂಬುದೇ ಮುಖ್ಯ ಕಾರಣ ಅಂತ ಹಿಂದೆ ನಂಬಿದ್ದರು. ಈಗ ಅದಕ್ಕೆ ಅಷ್ಟು ತೂಕ ಇಲ್ಲ.

ಕಲೆ ಬೀಳುವುದು ಮಾತ್ರ ನುಂಗಿದ್ದರಿಂದಲೇ. ದವಡೆಯೊಳಗೆ ಎನಾಮಲ್ ತಯಾರಾಗುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ಫ್ಲೋರೈಡ್ ಜಾಸ್ತಿಯಾದರೆ ಎನಾಮಲ್ ಪೂರ್ತಿ ಗಟ್ಟಿಯಾಗದೆ ಉಳಿಯುತ್ತದೆ. 20 ವರ್ಷದವರು ಬೋರ್ ನೀರು ಕುಡಿಯಲು ಶುರು ಮಾಡಿದರೆ ಹಲ್ಲಿಗೆ ಕಲೆ ಬೀಳುವುದಿಲ್ಲ. ಆದರೆ ತುಂಬಾ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಹಿಡಿದುಕೊಳ್ಳುತ್ತವೆ. ಅದು ಬೇರೆ ಅಧ್ಯಾಯ.

ಶಾಲೆಯ ಜಗುಲಿಯಲ್ಲಿ ಹಲ್ಲು ತಪಾಸಣೆಯ ಕ್ಯಾಂಪ್ ನಡೆಯುವಾಗ ಈ ಕಲೆಯನ್ನು ಗುರುತಿಸುವುದು ಹೇಗೆ? ಮಗುವನ್ನು ಬೆಳಕಿಗೆ ಮುಖ ಮಾಡಿ ಕೂರಿಸಿ. ಮೇಲಿನ ಮುಂದಿನ ಹಲ್ಲುಗಳನ್ನು ಹತ್ತಿಯಿಂದ ಒರೆಸಿ. ಫ್ಲೋರೋಸಿಸ್ (ಜಾಸ್ತಿ ಫ್ಲೋರೈಡಿನಿಂದ ಬಿದ್ದ ಕಲೆ) ಆದರೆ ಸೀಮೆಸುಣ್ಣದಲ್ಲಿ ಎಳೆದಂಥ ತೆಳು ಬಿಳಿ ಗೆರೆಗಳು ಅಡ್ಡಡ್ಡ ಕಾಣುತ್ತವೆ. ಎಡಗಡೆ ಹಲ್ಲಿನಲ್ಲಿ ಇದ್ದದ್ದು ಬಲಗಡೆ ಜೋಡಿ ಹಲ್ಲಿನಲ್ಲೂ ಇರುತ್ತದೆ. ಹುಳುಕಿನ ಮೊದಲ ಬಿಳಿ ಮಚ್ಚೆ ಹಾಗಲ್ಲ. ಅದು ಒಸಡಿನ ಅಂಚಿನಲ್ಲಿ, ಗಲೀಜು ಕೂರುವ ಕಡೆ ಇರುತ್ತದೆ, ಒಂದು ಹಲ್ಲಿನಲ್ಲಿ ಇದ್ದು ಪಕ್ಕದ್ದರಲ್ಲಿ ಇಲ್ಲದಿರಬಹುದು. ಕಂದು ಬಣ್ಣ ಹಲ್ಲು ಹುಟ್ಟಿದ ಮೇಲೆ ನಿಧಾನಕ್ಕೆ ಹತ್ತುತ್ತದೆ. 'ಇವನು ಸರಿಯಾಗಿ ಹಲ್ಲುಜ್ಜಲ್ಲ ಸಾರ್' ಅಂತ ತಾಯಂದಿರು ಬೈಯುತ್ತಾರೆ. ಪಾಪ, ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಇದ್ದಿಲು, ಉಪ್ಪು ಹಾಕಿ ತಿಕ್ಕಿದರೆ ಎನಾಮಲ್ ಸವೆಯುತ್ತದೆ ಅಷ್ಟೇ. ಇದನ್ನು ತಾಯಿಗೆ ಮಗುವಿನ ಎದುರೇ ಹೇಳಿ.

ಒಂದು ಸಣ್ಣ ಲೆಕ್ಕ. ಬಿಸಿಲು ಜಾಸ್ತಿ ಇರುವ ಊರಲ್ಲಿ ಮಕ್ಕಳು ನೀರು ಜಾಸ್ತಿ ಕುಡಿಯುತ್ತಾರೆ, ಆದ್ದರಿಂದ ಫ್ಲೋರೈಡ್ ಕಡಿಮೆ ಸಾಕು. ಗಲಗನ್ ಮತ್ತು ವರ್ಮಿಲಿಯನ್ ಎಂಬ ಸಂಶೋಧಕರು 1957ರಲ್ಲಿ ಕೊಟ್ಟ ಸೂತ್ರ ಇದಕ್ಕೇ. ಸರಾಸರಿ ಗರಿಷ್ಠ ಉಷ್ಣತೆಯನ್ನು ಫ್ಯಾರನ್‌ಹೀಟಿನಲ್ಲಿ ತೆಗೆದುಕೊಂಡು 0.0062ರಿಂದ ಗುಣಿಸಿ, 0.038 ಕಳೆಯಿರಿ. ಬಂದ ಸಂಖ್ಯೆಯಿಂದ 0.34 ಅನ್ನು ಭಾಗಿಸಿ. ಹಾಸನಕ್ಕೆ 29 ಡಿಗ್ರಿ ಸೆಲ್ಸಿಯಸ್ ಅಂತ ಹಿಡಿದುಕೊಂಡರೆ ಅದು 84.2 ಫ್ಯಾರನ್‌ಹೀಟ್. ಉತ್ತರ ಸುಮಾರು 0.7 ಪಿಪಿಎಂ, ಅಂದರೆ ಲೀಟರಿಗೆ 0.7 ಮಿಲಿಗ್ರಾಂ. 34 ಡಿಗ್ರಿ ಇರುವ ಊರಿಗೆ 0.63. ಸೂತ್ರ ತಯಾರಾದದ್ದು ಕ್ಯಾಲಿಫೋರ್ನಿಯಾದ ಮಕ್ಕಳು ಕುಡಿಯುವ ನೀರನ್ನು ಅಳೆದು. ನಮ್ಮ ಹಳ್ಳಿಯ ಮಕ್ಕಳಿಗೆ ಈ ಉತ್ತರವನ್ನು ಮೇಲಿನ ಅಂಚು ಅಂತ ಇಟ್ಟುಕೊಳ್ಳುವುದು ವಾಸಿ ಅಂತ ನನಗನಿಸುತ್ತದೆ. ಅಮೆರಿಕದವರೂ 2015ರಲ್ಲಿ ಎಲ್ಲ ಕಡೆಗೂ 0.7 ಅಂತಲೇ ಶಿಫಾರಸು ಮಾಡಿದರು. ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಕಾರ 1.0 ಒಪ್ಪುವ ಮಟ್ಟ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ.

ನೀರಿಗೆ ಫ್ಲೋರೈಡ್ ಸೇರಿಸುವ ಯೋಜನೆಯಿಂದ ಈಗಲೂ ಲಾಭ ಇದೆಯಾ? ಇದೆ, ಆದರೆ ಹಿಂದಿನಷ್ಟಲ್ಲ. ಫ್ಲೋರೈಡ್ ಪೇಸ್ಟ್ ಮನೆಮನೆಗೆ ಬಂದ ಮೇಲೆ ನೀರಿನ ಪಾಲು ತಗ್ಗಿದೆ. ಆವರೆಗಿನ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2024ರ ಕಾಕ್ರೇನ್ ವಿಮರ್ಶೆ ಇದನ್ನೇ ಹೇಳುತ್ತದೆ. ಹಾಗಂತ ನಿಲ್ಲಿಸಿದರೆ ಏನೂ ಆಗಲ್ಲ ಅಂತಲ್ಲ. ಕೆನಡಾದ ಕ್ಯಾಲ್ಗರಿ 2011ರಲ್ಲಿ ನಿಲ್ಲಿಸಿತು, ನಿಲ್ಲಿಸದ ಎಡ್ಮಂಟನ್ನಿಗಿಂತ ಅಲ್ಲಿನ ಮಕ್ಕಳಲ್ಲಿ ಹುಳುಕು ಜಾಸ್ತಿ ಕಂಡಿತು, 2025ರಲ್ಲಿ ಮತ್ತೆ ಶುರು ಮಾಡಿದರು. ಫ್ಲೋರೈಡಿನಿಂದ ಮಕ್ಕಳ ಬುದ್ಧಿಮಟ್ಟ ಕುಗ್ಗುತ್ತದಾ ಅನ್ನುವ ವಿಷಯ ಬಂದರೆ, ಅಮೆರಿಕದ ರಾಷ್ಟ್ರೀಯ ಟಾಕ್ಸಿಕಾಲಜಿ ಕಾರ್ಯಕ್ರಮದ 2024ರ ವರದಿ 1.5 ಮಿಲಿಗ್ರಾಮಿಗಿಂತ ಮೇಲಿನ ಮಟ್ಟದ ಬಗ್ಗೆ ಎಚ್ಚರಿಸಿದೆ. 0.7ರ ಬಗ್ಗೆ ತೀರ್ಮಾನ ಹೇಳಲು ಮಾಹಿತಿ ಸಾಲದು ಅಂದಿದೆ. ಅಲ್ಲಿ ನಲ್ಲಿ ನೀರಿನ ಬಗ್ಗೆ ಗಲಾಟೆ ಆಯಿತು. ಆ ವರದಿ ನಿಜವಾಗಿ ನಾಟಬೇಕಾದ್ದು ನಮ್ಮ ಬಯಲುಸೀಮೆಯ ಬೋರ್‌ವೆಲ್‌ಗಳಿಗೆ, ಅಲ್ವಾ?

ಬೋರ್ ಆಳ ಹೋದಷ್ಟೂ ನೀರು ಕಲ್ಲಿನ ಸಂದಿಯಲ್ಲಿ ಜಾಸ್ತಿ ಕಾಲ ನಿಂತಿರುತ್ತದೆ, ಗ್ರಾನೈಟ್, ನೈಸ್ ಶಿಲೆಗಳ ಫ್ಲೋರೈಡ್ ಇಳಿಯುತ್ತದೆ. ಕುದಿಸಿದರೆ ಅದು ಹೋಗಲ್ಲ. ನೀರು ಆವಿಯಾದಷ್ಟು ಸಾಂದ್ರವಾಗುತ್ತದೆ. ಆಲಂ, ಸುಣ್ಣ ಹಾಕಿ ತಿಳಿಗೊಳಿಸುವ ನಲ್ಗೊಂಡ ವಿಧಾನ ಇದೆ, ಫ್ಲೋರೈಡ್ ಹಿಡಿದಿಡುವ ಆಕ್ಟಿವೇಟೆಡ್ ಅಲ್ಯುಮಿನಾದಲ್ಲಿ ಸೋಸುವುದೂ ಇದೆ. ಹಳ್ಳಿಗಳಲ್ಲಿ ಈಗ ಕಾಣುವುದು ಕಾಯಿನ್ ಹಾಕಿ ಕ್ಯಾನ್ ತುಂಬಿಸುವ ಆರ್‌ಒ ಘಟಕ. ಕೆಲವರು ಕುಡಿಯಲು ಮಾತ್ರ ಅದನ್ನು ತಂದು, ಮುದ್ದೆಗೆ ಎಸರಿಡುವುದು, ಬೇಳೆ ಬೇಯಿಸುವುದು ಬೋರ್ ನೀರಿನಲ್ಲೇ. ಆ ಫ್ಲೋರೈಡೂ ಹೊಟ್ಟೆಗೇ ಹೋಗುತ್ತದೆ. ರಾಗಿಯ ಕ್ಯಾಲ್ಸಿಯಂ ಸ್ವಲ್ಪ ಹಿಡಿದಿಡಬಹುದು, ಅದನ್ನೇ ನಂಬಿ ಕೂರಬೇಡಿ.

ಇನ್ನು ಸಕಲೇಶಪುರ, ಮೂಡಿಗೆರೆಯ ಮಕ್ಕಳು. ಒಂಟಿ ಮನೆ, ಮನೆಗೊಂದು ಬಾವಿ. ಅಲ್ಲಿ ಯಾವ ಟ್ಯಾಂಕಿಗೆ ಅಂತ ಅಳೆದು ಹಾಕುತ್ತೀರಿ? ನೀರಿಗೆ ಸೇರಿಸುವ ಯೋಜನೆಗೆ ಒಂದೇ ದೊಡ್ಡ ಶುದ್ಧೀಕರಣ ಘಟಕ, ದಿನಾ ಅಳತೆ ನೋಡುವ ಜನ ಬೇಕು. ಅಲ್ಲಿಗೆ ಸರಿಹೋಗುವುದು ಪೇಸ್ಟೇ. ನಮ್ಮ ದೇಶದ ನಿಯಮದಲ್ಲಿ ಪೇಸ್ಟಿನ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ. 3 ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, 3ರಿಂದ 6ರವರಿಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ ಉದ್ದಕ್ಕೂ ಬೇಡ. ಉಗುಳಲು ಕಲಿಸಿ.

ಕೇಸ್ ಶೀಟ್ ತುಂಬುವಾಗ ಈಗಿನ ವಿಳಾಸ ಬರೆದು ಮುಂದೆ ಹೋಗಬೇಡಿ. ಮೂಡಿಗೆರೆಯ ಕಾಫಿ ತೋಟದ ಕೆಲಸಗಾರರ ಲೈನ್ ಮನೆಯಲ್ಲಿರುವ ಮಗುವಿನ ಹಲ್ಲಲ್ಲಿ ಕಂದು ಕಲೆ ಕಂಡರೆ ಆ ತೋಟದ ನೀರನ್ನು ಅನುಮಾನಿಸುವ ಮೊದಲು ಅವರಮ್ಮನನ್ನು ಕೇಳಿ: 'ಇಲ್ಲಿಗೆ ಬಂದಾಗ ಇವನಿಗೆ ಎಷ್ಟು ವಯಸ್ಸು? ಅದಕ್ಕೆ ಮುಂಚೆ ಯಾವ ಊರು, ಬೋರ್ ನೀರಾ, ಹೊಳೆ ನೀರಾ?'