ಲೋಕೋ ಡಿಕೋಡರ್ ಟಿಪ್ಪಣಿ: ವಿಳಾಸ, ಸಿವಿ 29 ಮತ್ತು ರೀಸೆಟ್

ಮಾದರಿ ರೈಲುಗಳನ್ನು ಡಿಜಿಟಲ್ ಆಜ್ಞೆಗಳಿಂದ ನಡೆಸುವ ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಪದ್ಧತಿಯಲ್ಲಿ ಹಳಿಗೆ ಸದಾ ಪೂರ್ಣ ವಿದ್ಯುತ್ ಹರಿಯುತ್ತಿರುತ್ತದೆ. ಆ ವಿದ್ಯುತ್ತಿನೊಂದಿಗೇ ಬರುವ ಆಜ್ಞೆಗಳಲ್ಲಿ ತನ್ನ ವಿಳಾಸಕ್ಕೆ ಬಂದದ್ದನ್ನು ಮಾತ್ರ ಆರಿಸಿಕೊಂಡು, ಎಂಜಿನ್ನಿನೊಳಗಿನ ಡಿಕೋಡರ್ ಮೋಟಾರನ್ನೂ ದೀಪಗಳನ್ನೂ ನಡೆಸುತ್ತದೆ. ಅದರ ನಡವಳಿಕೆಯೆಲ್ಲ ಸಿವಿ (ಕಾನ್ಫಿಗರೇಶನ್ ವೇರಿಯಬಲ್) ಎಂಬ ನೆನಪಿನ ಕೋಶಗಳಲ್ಲಿ ಅಡಗಿದೆ. ಪ್ರತಿ ಕೋಶದಲ್ಲೂ 0ರಿಂದ 255ರ ವರೆಗಿನ ಒಂದು ಬೆಲೆ ಇರುತ್ತದೆ. ಆರಂಭದ ವೋಲ್ಟೇಜಿನ ಸಿವಿ 2, ವೇಗ ಏರುವ ಮತ್ತು ಇಳಿಯುವ ಗತಿಯ ಸಿವಿ 3 ಮತ್ತು 4, ಗರಿಷ್ಠ ವೇಗದ ಸಿವಿ 5 ಇವುಗಳನ್ನು ಬದಲಿಸಿ ಓಡಿಸಿ ನೋಡಿದರೆ ತಾವಾಗಿಯೇ ತಿಳಿಯುತ್ತವೆ. ಕಲಿಯುವವರು ಎಡವುವುದು ಬಹುಮಟ್ಟಿಗೆ ವಿಳಾಸದಲ್ಲಿ. ಕೆಟ್ಟುಹೋಯಿತೆಂದು ಪಕ್ಕಕ್ಕಿಟ್ಟ ಡಿಕೋಡರ್ ಅನೇಕ ಸಲ ಬೇರೊಂದು ವಿಳಾಸಕ್ಕೆ ಓಗೊಡುತ್ತಿರುತ್ತದೆ.

ಎರಡು ವಿಳಾಸ, ಒಂದು ಸ್ವಿಚ್

ಹೊಸ ಡಿಕೋಡರಿನ ವಿಳಾಸ ಸಾಮಾನ್ಯವಾಗಿ 3. ಅದು ಸಿವಿ 1ರಲ್ಲಿರುವ ಚಿಕ್ಕ ವಿಳಾಸ, ಅದರ ಮಿತಿ 127. ಅದಕ್ಕಿಂತ ದೊಡ್ಡ ಸಂಖ್ಯೆ ಬೇಕಾದರೆ ಸಿವಿ 17 ಮತ್ತು ಸಿವಿ 18 ಎರಡೂ ಸೇರಿ ದೀರ್ಘ ವಿಳಾಸವನ್ನು ಹಿಡಿದಿಡುತ್ತವೆ. ಎರಡೂ ಬಗೆಯ ವಿಳಾಸಗಳು ಡಿಕೋಡರಿನಲ್ಲಿ ಏಕಕಾಲಕ್ಕೆ ಇರುತ್ತವೆ, ಆದರೆ ಅವುಗಳಲ್ಲಿ ಯಾವುದಕ್ಕೆ ಕಿವಿಗೊಡಬೇಕೆಂಬುದನ್ನು ತೀರ್ಮಾನಿಸುವುದು ಸಿವಿ 29 ಎಂಬ ಮೂರನೆಯ ಜಾಗ. ಸಿವಿ 17 ಮತ್ತು 18ನ್ನು ಸರಿಯಾಗಿ ಬರೆದರೂ ಎಂಜಿನ್ ಇನ್ನೂ 3ಕ್ಕೇ ಓಡುತ್ತಿದೆಯೆಂದರೆ, ಈ ಸ್ವಿಚ್ಚನ್ನು ಹಾಕಿಲ್ಲವೆಂದೇ ಅರ್ಥ.

ಸಿವಿ 29ನ್ನು ಒಂದು ಸಂಖ್ಯೆಯೆಂದು ಓದಿದರೆ ಏನೂ ಅರ್ಥವಾಗುವುದಿಲ್ಲ. ಅದು ಹಲವು ಸ್ವಿಚ್‌ಗಳ ಬೆಲೆಗಳನ್ನು ಕೂಡಿ ಬಂದ ಮೊತ್ತ. ಚಲನೆಯ ದಿಕ್ಕನ್ನು ತಿರುಗಿಸಲು 1, ವೇಗದ ಹಂತಗಳು 14ರ ಬದಲು 28 ಅಥವಾ 128 ಆಗಿರಲು 2, ಸಾಮಾನ್ಯ ಡಿಸಿ (ನೇರ ವಿದ್ಯುತ್) ಹಳಿಯಲ್ಲೂ ಓಡಲು 4, ಡಿಕೋಡರ್ ಮಾಹಿತಿಯನ್ನು ಹಿಂದಕ್ಕೆ ಕಳುಹಿಸುವ ರೈಲ್‌ಕಾಮ್‌ಗೆ 8, ಸಿವಿ 67ರಿಂದ 94ರ ವರೆಗಿನ ವೇಗದ ಪಟ್ಟಿಯನ್ನು ಬಳಸಲು 16, ದೀರ್ಘ ವಿಳಾಸಕ್ಕೆ 32. ಅನೇಕ ಡಿಕೋಡರುಗಳಲ್ಲಿ ಆರಂಭದಲ್ಲಿ ಕಾಣುವ 6 ಎಂದರೆ 2 ಮತ್ತು 4ರ ಮೊತ್ತ. ಆದ್ದರಿಂದ ದೀರ್ಘ ವಿಳಾಸ ಬೇಕಾದಾಗ ಬರೆಯಬೇಕಾದದ್ದು 6ಕ್ಕೆ 32 ಸೇರಿದ 38. ಬರೀ 32 ಬರೆದರೆ ವಿಳಾಸವೇನೋ ಬದಲಾಗುತ್ತದೆ, ಆದರೆ 2 ಮತ್ತು 4 ಅಳಿಸಿಹೋಗುತ್ತವೆ. ಆಗ ಥ್ರಾಟಲ್ (ನಾವು ವೇಗ ಹೊಂದಿಸುವ ನಿಯಂತ್ರಕ) 28 ಹಂತಗಳಲ್ಲಿ ಆಜ್ಞೆ ಕಳುಹಿಸುತ್ತಿದ್ದರೆ ಡಿಕೋಡರ್ ಅದನ್ನು 14 ಹಂತಗಳ ಲೆಕ್ಕದಲ್ಲಿ ಓದಿ, ವೇಗ ಏರಿಸಿದಂತೆಲ್ಲ ಮುಂದಿನ ದೀಪ ಹತ್ತಿ ಆರಿ ಮಾಡತೊಡಗುತ್ತದೆ. ಇಂಥ ದೀಪವನ್ನು ಕಂಡೊಡನೆ ತಂತಿಯ ಬೆಸುಗೆಯನ್ನು ಅನುಮಾನಿಸುವ ಬದಲು ಸಿವಿ 29ನ್ನು ಓದಿ ನೋಡುವುದು ಲೇಸು.

ಯಾವುದೋ ಎಂಜಿನ್ನಿನಲ್ಲಿ ಸಿವಿ 29 ಎಂದರೆ 35 ಎಂದು ಕಂಡಿತೆನ್ನಿ. ಒಳಗೆ ಅಡಗುವ ಅತಿ ದೊಡ್ಡ ಬೆಲೆಯನ್ನು ಮೊದಲು ಕಳೆಯಬೇಕು: 35ರಿಂದ 32 ಹೋದರೆ 3 ಉಳಿಯಿತು, ಅದರಲ್ಲಿ 16, 8, 4 ಯಾವುದೂ ಇಲ್ಲ, 2 ಹೋದರೆ 1. ಅಂದರೆ ದೀರ್ಘ ವಿಳಾಸ, 28 ಹಂತ, ತಿರುಗಿಸಿದ ದಿಕ್ಕು. ಕೈಪಿಡಿಗಳಲ್ಲಿ ಬರುವ ಬಿಟ್ ಸಂಖ್ಯೆಗಳನ್ನು ನಾನು ಪೂರ್ತಿ ಬಿಟ್ಟುಬಿಟ್ಟಿದ್ದೇನೆ, ಏಕೆಂದರೆ ಒಬ್ಬರು ಸೊನ್ನೆಯಿಂದ ಎಣಿಸಿ 32ನ್ನು ಬಿಟ್ 5 ಎಂದರೆ, ಒಂದರಿಂದ ಎಣಿಸುವವರು ಅದನ್ನೇ ಬಿಟ್ 6 ಎನ್ನುತ್ತಾರೆ. ಬೆಲೆಗಳನ್ನಷ್ಟೇ ನೆನಪಿಟ್ಟುಕೊಂಡರೆ ಈ ಜಂಜಾಟವಿಲ್ಲ.

ದೀರ್ಘ ವಿಳಾಸವನ್ನು ಹೆಚ್ಚಿನ ಕಮಾಂಡ್ ಸ್ಟೇಷನ್‌ಗಳು (ಹಳಿಗೆ ಆಜ್ಞೆ ಕಳುಹಿಸುವ ಸಾಧನಗಳು) ತಾವೇ ಒಡೆದು ಬರೆಯುತ್ತವೆ. ಕೈಯಿಂದ ಬರೆಯುವುದಾದರೆ, ಉದಾಹರಣೆಗೆ 4014ನ್ನು 256ರಿಂದ ಭಾಗಿಸಿದಾಗ ಭಾಗಲಬ್ಧ 15, ಶೇಷ 174. ಭಾಗಲಬ್ಧಕ್ಕೆ 192 ಸೇರಿಸಿದ 207 ಸಿವಿ 17ಕ್ಕೆ, ಶೇಷ 174 ಹಾಗೆಯೇ ಸಿವಿ 18ಕ್ಕೆ. ಈ 192 ಎಲ್ಲಿಂದ ಬಂತೆಂದರೆ, ಬರುತ್ತಿರುವುದು ದೀರ್ಘ ವಿಳಾಸವೆಂದು ಸೂಚಿಸಲು ಮೊದಲ ಬೈಟಿನ ಮೇಲಿನ ಎರಡು ಬಿಟ್‌ಗಳು, ಅಂದರೆ 128 ಮತ್ತು 64ರವು, 1 ಆಗಿರಬೇಕು. ಇನ್ನು 100ರಿಂದ 127ರ ವರೆಗಿನ ವಿಳಾಸಗಳನ್ನು ಬಳಸದಿರುವುದೇ ಕ್ಷೇಮ; ತಯಾರಕರಲ್ಲಿ ಲೆನ್ಸ್ ಪದ್ಧತಿ 99ರ ವರೆಗಿನದನ್ನು ಮಾತ್ರ ಚಿಕ್ಕದೆಂದು ಎಣಿಸಿದರೆ, ಡಿಜಿಟ್ರಾಕ್ಸ್ 127ರ ವರೆಗೂ ಚಿಕ್ಕದೆಂದೇ ಎಣಿಸುತ್ತದೆ.

ದೀಪ ಹತ್ತುತ್ತದೆ, ಚಕ್ರ ತಿರುಗುವುದಿಲ್ಲ

ಈ ಲಕ್ಷಣ ಕಂಡರೆ ಸಿವಿ 19ನ್ನು ನೋಡಬೇಕು. ಹಲವು ಎಂಜಿನ್‌ಗಳನ್ನು ಒಟ್ಟಿಗೆ ಓಡಿಸುವ ಕನ್ಸಿಸ್ಟ್ ವಿಳಾಸ ಅಲ್ಲಿರುತ್ತದೆ. ಅದು ಸೊನ್ನೆಯಲ್ಲದಿದ್ದರೆ ಡಿಕೋಡರ್ ವೇಗದ ಆಜ್ಞೆಯನ್ನು ಆ ವಿಳಾಸದಿಂದ ಮಾತ್ರ ಸ್ವೀಕರಿಸುತ್ತದೆ, ದೀಪ ಮತ್ತು ಶಬ್ದಗಳು ಮಾತ್ರ ಸ್ವಂತ ವಿಳಾಸಕ್ಕೆ ಸ್ಪಂದಿಸುತ್ತಿರಬಹುದು. ಅಲ್ಲಿ 133 ಇದ್ದರೆ ಅದು 128 ಮತ್ತು 5ರ ಮೊತ್ತ, ಅಂದರೆ ವಿಳಾಸ 5ರ ಕನ್ಸಿಸ್ಟಿನಲ್ಲಿ ಹಿಮ್ಮುಖವಾಗಿ ಓಡುವ ಎಂಜಿನ್. ಸಿವಿ 19ಕ್ಕೆ 0 ಬರೆದರೆ ಸಾಕು, ರೀಸೆಟ್ ಬೇಕಿಲ್ಲ.

ಓದುವುದು ಹೇಗೆ ನಡೆಯುತ್ತದೆ

ಸಿವಿಗಳನ್ನು ಓದಲು, ಬರೆಯಲು ಬಳಸುವ ಪ್ರತ್ಯೇಕ ಪ್ರೋಗ್ರಾಮಿಂಗ್ ಹಳಿಯಲ್ಲಿ ಡಿಕೋಡರ್ ತಾನಾಗಿ ಬೆಲೆಯನ್ನು ಹೇಳಲಾರದು. ಕಮಾಂಡ್ ಸ್ಟೇಷನ್ 'ಈ ಬಿಟ್ 1 ಆಗಿದೆಯೇ?' ಎಂಬಂಥ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತದೆ. ಹೌದಾದರೆ ಡಿಕೋಡರ್ ಸುಮಾರು 6 ಮಿಲಿಸೆಕೆಂಡು ಕಾಲ ಕನಿಷ್ಠ 60 ಮಿಲಿಆಂಪಿಯರ್ ಹೆಚ್ಚು ವಿದ್ಯುತ್ ಎಳೆಯುತ್ತದೆ, ಅಲ್ಲವಾದರೆ ಸುಮ್ಮನಿರುತ್ತದೆ. ಈ ಹೆಚ್ಚುವರಿ ವಿದ್ಯುತ್ತನ್ನು ಸಾಮಾನ್ಯವಾಗಿ ಮೋಟಾರಿನ ಮೂಲಕವೇ ಎಳೆಯುವುದರಿಂದ ಎಂಜಿನ್ ಸಣ್ಣಗೆ ಅದುರುತ್ತದೆ. ಚಕ್ರದಲ್ಲಿ ಕೊಳೆಯಿದ್ದರೂ, ಮೋಟಾರಿನ ತಂತಿ ಬಿಟ್ಟಿದ್ದರೂ, ದೊಡ್ಡ ಕೆಪಾಸಿಟರ್ ಜೋಡಿಸಿದ್ದರೂ ಈ ಉತ್ತರ ಕೇಳಿಸದೆ ಹೋಗಬಹುದು. ಹಾಗಾಗಿ ಬರೆಯುವಾಗ ದೋಷವೆಂದು ತೋರಿಸಿದರೂ ಬೆಲೆ ಬರೆದುಹೋಗಿರಬಹುದು. ಮುಖ್ಯ ಹಳಿಗೆ ತಂದು ಹೊಸ ವಿಳಾಸದಲ್ಲಿ ಓಡಿಸಿ ನೋಡದೆ ತೀರ್ಮಾನಕ್ಕೆ ಬರಬಾರದು. ಪ್ರೋಗ್ರಾಮಿಂಗ್ ಹಳಿಯ ಆಜ್ಞೆ ವಿಳಾಸವನ್ನು ನೋಡುವುದೇ ಇಲ್ಲವಾದ್ದರಿಂದ, ಅದರ ಮೇಲೆ ಒಂದೇ ಎಂಜಿನ್ ಇರಬೇಕು.

ರೀಸೆಟ್

ಸಿವಿ 8 ತಯಾರಕರ ಗುರುತಿನ ಸಂಖ್ಯೆ: ಇಎಸ್‌ಯು 151, ಝಿಮೋ 145, ಲೆನ್ಸ್ 99. ಅದು ಓದಲಿಕ್ಕಷ್ಟೇ ಇರುವ ಕೋಶವಾದ್ದರಿಂದ ಅಲ್ಲಿ ಬರೆದದ್ದು ಉಳಿಯದು, ಬದಲಿಗೆ ಆಜ್ಞೆಯಾಗುತ್ತದೆ. ಇಎಸ್‌ಯು ಮತ್ತು ಝಿಮೋ ಡಿಕೋಡರುಗಳಿಗೆ ಅಲ್ಲಿ 8 ಬರೆದರೆ ರೀಸೆಟ್, ಲೆನ್ಸ್‌ಗೆ 33. ಇನ್ನು ಕೆಲವು ಡಿಕೋಡರುಗಳಲ್ಲಿ ಸಿವಿ 30ಕ್ಕೆ 2 ಬರೆಯಬೇಕು. ಆದ್ದರಿಂದ ಮೊದಲು ಸಿವಿ 8ನ್ನು ಓದಿ ತಯಾರಕರನ್ನು ತಿಳಿದುಕೊಂಡು, ಆಮೇಲೆ ಸಿವಿ 1, 17, 18, 19, 29ರ ಬೆಲೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಈ ಐದನ್ನು ಬರೆಯುವಷ್ಟರಲ್ಲೇ ಸಮಸ್ಯೆಯ ಮೂಲ ಸಿಕ್ಕಿ ರೀಸೆಟ್ ಬೇಡವಾಗುವುದೂ ಉಂಟು.

ರೀಸೆಟ್ ಬರೆದ ಮೇಲೆ ಹಳಿಯ ವಿದ್ಯುತ್ತನ್ನು ಒಮ್ಮೆ ತೆಗೆದು ಕೊಡಬೇಕು. ನಂತರ ಎಂಜಿನ್ನನ್ನು ವಿಳಾಸ 3ರಲ್ಲಿ ಹುಡುಕಬೇಕು. ಶಬ್ದದ ಡಿಕೋಡರಿನಲ್ಲಿ ತುಂಬಿಸಿದ ಶಬ್ದಗಳು ಇದರಿಂದ ಅಳಿಯುವುದಿಲ್ಲ, ಆದರೆ ಹೊಂದಿಸಿಕೊಂಡಿದ್ದ ಧ್ವನಿಯ ಮಟ್ಟ, ವೇಗದ ಹೊಂದಾಣಿಕೆ, ದೀಪಗಳ ಗುಂಡಿಗಳ ಜೋಡಣೆ ಇವೆಲ್ಲ ಆರಂಭದ ಸ್ಥಿತಿಗೆ ಮರಳುತ್ತವೆ.